ಊರ ಕಾವಲು ಮತ್ತು ಗೃಹಸ್ಥನ ಹೊಣೆ

ರಾತ್ರಿ ಬಾಗಿಲಿಗೆ ಅಗುಳಿ ಹಾಕಿ ಮಲಗುವ ಗೃಹಸ್ಥನು ಆ ಅಗುಳಿಯೊಂದನ್ನೇ ನಂಬಿ ನಿದ್ರಿಸುವುದಿಲ್ಲ. ಕೂಗಿದರೆ ನೆರೆಮನೆಯವನು ಓಗೊಡುವನು, ಬೀದಿಯಲ್ಲಿ ದೀಪ ಉರಿಯುತ್ತಿರುವುದು, ಗಸ್ತಿನ ಪೇದೆಯು ಒಮ್ಮೆಯಾದರೂ ಈ ದಾರಿಯಲ್ಲಿ ಹಾದುಹೋಗುವನು ಎಂಬ ನಂಬಿಕೆಗಳೆಲ್ಲ ಕೂಡಿ ಅವನ ಕಣ್ಣಿಗೆ ನಿದ್ರೆಯನ್ನು ತರುತ್ತವೆ. ಈ ನಂಬಿಕೆ ಸಡಿಲಿದ ಊರಿನಲ್ಲಿ ಬಾಗಿಲು ಎಷ್ಟು ಗಟ್ಟಿಯಾಗಿದ್ದರೂ ಸುಖವಿಲ್ಲ. ಆದುದರಿಂದ ಊರ ಕಾವಲೆಂಬುದು ಅಧಿಕಾರಿಗಳ ವಿಷಯವೆಂದು ತಿಳಿದು ಬದಿಗಿಡತಕ್ಕದ್ದಲ್ಲ. ಅದು ನೀತಿಯ ವಿಷಯವೂ ಹೌದು. ಕಾವಲಿನ ಹೊಣೆ ಸಂಬಳ ಪಡೆಯುವ ಪೊಲೀಸಿನವನದಷ್ಟೇ ಆಗಿದೆಯೇ? ಊರವರಿಗೂ ಅದರಲ್ಲಿ ಪಾಲಿದ್ದರೆ ಆ ಪಾಲಿನ ಮೇರೆ ಯಾವುದು? ಊರನ್ನು ಕಾಯುವೆನೆಂದು ಹೊರಟವನು ದಾರಿ ತಪ್ಪದಂತೆ ಅವನನ್ನು ಕಾಯುವವರು ಯಾರು? ಗೃಹಸ್ಥಧರ್ಮವನ್ನು ಅರಿತವರು ಈ ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳದೆ ಇರಲಾಗದು.

ಮೊದಲು ಕಾನೂನಿನ ಏರ್ಪಾಡನ್ನು ನೋಡುವುದು ಯುಕ್ತ. ಕರ್ನಾಟಕದ ಪಟ್ಟಣಗಳ ಆಡಳಿತವು 1964ರ ಪೌರಸಭೆಗಳ ಅಧಿನಿಯಮದಂತೆ ನಡೆಯುತ್ತದೆ. ಸುಮಾರು 10,000ದಿಂದ 20,000 ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, ಅಲ್ಲಿಂದ 50,000ದವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದವರೆಗೆ ನಗರಸಭೆ ಎಂದು ವಿಭಾಗವಿದೆ. 1992ರಲ್ಲಿ ಅಂಗೀಕಾರವಾಗಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇಂತಹ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಹೇಳಿದೆ. ಬೀದಿಯ ದೀಪ, ಬಸ್ಸಿನ ನಿಲ್ದಾಣ, ಸಾರ್ವಜನಿಕ ಶೌಚಾಲಯ ಮುಂತಾದವು ಆ ಪಟ್ಟಿಯಲ್ಲಿವೆ, ಪೊಲೀಸು ಅದರಲ್ಲಿಲ್ಲ. ಪೊಲೀಸು ಏಳನೆಯ ಅನುಸೂಚಿಯ ಪ್ರಕಾರ ರಾಜ್ಯ ಸರಕಾರಕ್ಕೆ ಸೇರಿದ ವಿಷಯ. ಪುರಸಭೆಯ ಅಧ್ಯಕ್ಷರು ಠಾಣೆಯ ಅಧಿಕಾರಿಗೆ ವಿನಂತಿ ಮಾಡಬಹುದೇ ಹೊರತು ಆಜ್ಞೆ ಮಾಡಲಾರರು. ಹೀಗೆ ದೀಪವು ಒಬ್ಬರ ಕೈಯಲ್ಲಿದೆ, ಲಾಠಿಯು ಇನ್ನೊಬ್ಬರ ಕೈಯಲ್ಲಿದೆ.

ಈ ವಿಭಾಗಕ್ಕೆ ತಕ್ಕ ಕಾರಣವುಂಟು. ಊರಿನ ಚುನಾವಣೆಯಲ್ಲಿ ಗೆದ್ದ ಪಕ್ಷದ ಕೈಗೆ ಲಾಠಿಯೂ ಸಿಕ್ಕರೆ ಸೋತವರ ಗತಿ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಎರಡು ಕೈಗಳ ನಡುವೆ ಸಂವಾದವಿಲ್ಲದಿದ್ದರೆ ಅದರ ನಷ್ಟವನ್ನು ಊರು ಹೊರಬೇಕಾಗುತ್ತದೆ. ಸಂದಿಯ ದೀಪ ಆರಿ ಮೂರು ತಿಂಗಳಾಗಿರುತ್ತದೆ. ಅಲ್ಲಿ ಒಬ್ಬ ತಾಯಿಯ ಕೊರಳಿನ ಸರ ಹೋಗುತ್ತದೆ. ಪುರಸಭೆಯವರು ಕಳವು ಠಾಣೆಗೆ ಸೇರಿದ್ದು ಎನ್ನುತ್ತಾರೆ. ಠಾಣೆಯವರು ದೀಪ ಪುರಸಭೆಗೆ ಸೇರಿದ್ದು ಎನ್ನುತ್ತಾರೆ. ಇಬ್ಬರ ಮಾತೂ ಕಾನೂನಿಗೆ ಸರಿ. ಸಂದಿ ಮಾತ್ರ ಕತ್ತಲೆಯಲ್ಲೇ ಉಳಿಯುತ್ತದೆ. ಹಳ್ಳಿಯವನಿಗೆ ಗ್ರಾಮಸಭೆಯೆಂಬ ಎಡೆಯನ್ನು ಕಾನೂನು ಕೊಟ್ಟಿದೆ. 3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳು ಇರತಕ್ಕದ್ದೆಂದು ಸಂವಿಧಾನವು ವಿಧಿಸಿದೆ. ಚಿಕ್ಕ ಪಟ್ಟಣಕ್ಕೆ ಸಂವಿಧಾನವು ಅಂತಹ ಕಡ್ಡಾಯವನ್ನು ಮಾಡಿಲ್ಲ. ಅಲ್ಲಿ ಜನರು ಕೂಡಿ ಮಾತನಾಡುವ ವಾಡಿಕೆಯನ್ನು ಬಹುಮಟ್ಟಿಗೆ ಜನರೇ ಬೆಳೆಸಿಕೊಳ್ಳಬೇಕಾಗಿದೆ.

ಹಿಂದೆ ಕನ್ನಡನಾಡಿನ ಹಳ್ಳಿಗಳಲ್ಲಿ ತಳವಾರನು ಊರ ಕಾವಲುಗಾರನಾಗಿದ್ದನು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ದನ ಯಾವ ಹೊಲಕ್ಕೆ ನುಗ್ಗಿತು, ಪರಸ್ಥಳದಿಂದ ಯಾರು ಬಂದರು ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. 1857ರ ದಂಗೆಯ ತರುವಾಯ ಬ್ರಿಟಿಷರು 1861ರ ಪೊಲೀಸ್ ಕಾಯಿದೆಯನ್ನು ತಂದರು. ಆ ಕಾಯಿದೆಯ ಪೊಲೀಸನು ಮೇಲಧಿಕಾರಿಗೆ ಉತ್ತರ ಹೇಳಬೇಕಾದವನು, ಊರಿಗೆ ಉತ್ತರ ಹೇಳಬೇಕಾದವನಲ್ಲ. ಜನರನ್ನು ರಕ್ಷಿಸುವುದಕ್ಕಿಂತ ಜನರಿಂದ ಸರಕಾರವನ್ನು ರಕ್ಷಿಸುವ ಉದ್ದೇಶವೇ ಅದರಲ್ಲಿ ಮುಂದಾಗಿತ್ತು. ಪೊಲೀಸಿನವನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಭಯದ ಬೇರು ಅಲ್ಲಿಯವರೆಗೂ ಹೋಗುತ್ತದೆ. ಹಾಗೆಂದು ಹಳೆಯ ವ್ಯವಸ್ಥೆಯನ್ನು ಕೊಂಡಾಡಿ ಕುಳಿತುಕೊಳ್ಳುವುದೂ ಸರಿಯಲ್ಲ. ಆ ಕಾವಲು ಹುಟ್ಟಿನಿಂದ ಬರುವ ಕಟ್ಟುಪಾಡಾಗಿತ್ತು. ಊರಿನ ದೊಡ್ಡವರ ಕಣ್ಸನ್ನೆಯಂತೆ ಅದು ನಡೆಯುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಅಧಿನಿಯಮವು ರದ್ದುಗೊಳಿಸಿದ್ದು ನ್ಯಾಯವೇ ಆಯಿತು. ಹೋದುದರಲ್ಲಿ ಕಳೆದುಕೊಳ್ಳಬಾರದಿದ್ದ ಅಂಶ ಒಂದೇ: ಕಾಯುವವನಿಗೆ ಊರು ಗೊತ್ತಿತ್ತು, ಊರಿಗೆ ಕಾಯುವವನು ಗೊತ್ತಿದ್ದನು.

ಈ ಪರಿಚಯವನ್ನು ಮರಳಿ ಪಡೆಯುವ ಯತ್ನಗಳು ಈಚಿನ ದಶಕಗಳಲ್ಲಿ ಅನೇಕ ಕಡೆ ನಡೆದಿವೆ. ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಸುರಕ್ಷಾ ಯೋಜನೆಯು ಮೊದಲು 20 ಠಾಣೆಗಳಲ್ಲಿ ಆರಂಭವಾಗಿ ಮುಂದೆ ವಿಸ್ತಾರಗೊಂಡಿತು. ಅದರಂತೆ ಬೀಟಿನ ಅಧಿಕಾರಿಯು ತನ್ನ ಪ್ರದೇಶದ ಮನೆಗಳಿಗೆ ತಾನೇ ಹೋಗಿ ಜನರನ್ನು ಪರಿಚಯ ಮಾಡಿಕೊಳ್ಳಬೇಕು. ಊರವರ ಸಮಿತಿಯೊಂದು ಠಾಣೆಯೊಡನೆ ಆಗಾಗ ಸಭೆ ಸೇರಬೇಕು. ಕರ್ನಾಟಕದಲ್ಲಿಯೂ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆಯೆಂಬುದನ್ನು ತಂದು, ಒಬ್ಬೊಬ್ಬ ಪೇದೆಗೆ ಒಂದೊಂದು ಪ್ರದೇಶದ ಹೊಣೆಯನ್ನು ಒಪ್ಪಿಸಿ, ಅಲ್ಲಿಯ ನಾಗರಿಕರನ್ನು ಜತೆಗೆ ಸೇರಿಸಿಕೊಳ್ಳುವ ಕ್ರಮವನ್ನು ಹಾಕಲಾಯಿತು. 2025ರ ಜುಲೈ ತಿಂಗಳಿನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಿಂದ ಪೇದೆಯು ಮನೆಗಳಿಗೆ ಭೇಟಿಕೊಟ್ಟು ಕುಂದುಕೊರತೆಗಳನ್ನು ಕೇಳುವ ಕಾರ್ಯಕ್ಕೆ ಚಾಲನೆ ದೊರೆಯಿತು. ಶರಣರು ಕಾಯಕವೆಂಬ ಮಾತಿಗೆ ತುಂಬಿದ ಅರ್ಥವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯದೆ ಇರದು. ಹೆದರಿಸಿ ಸುಮ್ಮನಾಗಿಸುವುದು ನೌಕರಿಯಾಗಬಹುದು; ಒಂಟಿ ಮುದುಕಿಯ ಬಾಗಿಲಿನಲ್ಲಿ ನಿಂತು ಕ್ಷೇಮವೇ ಎಂದು ಕೇಳಿದಾಗ ಆ ನೌಕರಿಯು ಕಾಯಕವಾಗುತ್ತದೆ.

ಆದರೆ ಒಳ್ಳೆಯ ಕಾರ್ಯದ ಬೆನ್ನಿಗೇ ಅಪಾಯವೂ ಇರುತ್ತದೆ. ಕಾವಲಿನಲ್ಲಿ ಪಾಲು ಪಡೆದ ಊರವನು ಎಷ್ಟೋ ವೇಳೆ ಲಾಠಿಯಲ್ಲಿಯೂ ಪಾಲನ್ನು ಬಯಸುತ್ತಾನೆ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ‘ಪೊಲೀಸರ ಸ್ನೇಹಿತರು’ ಎಂಬ ಚಳವಳಿಯು ಸದುದ್ದೇಶದಿಂದಲೇ ಹುಟ್ಟಿ ರಾಜ್ಯದಲ್ಲೆಲ್ಲ ಹಬ್ಬಿತು. 2020ರ ಜೂನ್ ತಿಂಗಳಿನಲ್ಲಿ ತೂತುಕುಡಿ ಜಿಲ್ಲೆಯ ಸಾತಾನಕುಳಂ ಪಟ್ಟಣದಲ್ಲಿ, ಲಾಕ್‌ಡೌನ್ ಕಾಲದಲ್ಲಿ ಅಂಗಡಿಯನ್ನು ಹೊತ್ತು ಮೀರಿ ತೆರೆದಿದ್ದರೆಂದು ಠಾಣೆಗೆ ಒಯ್ದ ತಂದೆ ಮಗ ಇಬ್ಬರೂ ಪ್ರಾಣ ಕಳೆದುಕೊಂಡರು. ಆ ರಾತ್ರಿ ಠಾಣೆಯಲ್ಲಿ ಈ ಹೆಸರಿನ ಸ್ವಯಂಸೇವಕರೂ ಇದ್ದರೆಂಬ ಆರೋಪ ಕೇಳಿಬಂದಿತು. ಚಳವಳಿಯ ಕಡೆಯವರು ಅದನ್ನು ಅಲ್ಲಗಳೆದರು; ಆದರೂ ಜುಲೈ ತಿಂಗಳಿನಲ್ಲಿ ಸರಕಾರವು ಆ ವ್ಯವಸ್ಥೆಯನ್ನು ನಿಷೇಧಿಸಿತು. ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಜನರು ಅದನ್ನು ಕೂಡಲೇ ನಂಬುವಂತಾದುದೇ ವಿಚಾರ ಮಾಡತಕ್ಕ ವಿಷಯ. ಠಾಣೆಯ ಸ್ನೇಹಿತನು ಊರಿನ ಸ್ನೇಹಿತನಾಗಿಯೂ ಉಳಿದಿರುವನೆಂಬ ವಿಶ್ವಾಸ ಆ ಹೊತ್ತಿಗೆ ಕರಗಿಹೋಗಿತ್ತು.

ಠಾಣೆಯ ಸಂಪರ್ಕವೇ ಇಲ್ಲದೆ ಊರು ತಾನಾಗಿಯೇ ಕಾವಲಿಗೆ ನಿಂತರೆ ಆಗುವ ಅನರ್ಥ ಇನ್ನೂ ಘೋರವಾದುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಿದಾಡುತ್ತಿದ್ದಾಗ, ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನನ್ನು ಗುಂಪು ಹೊಡೆದು ಕೊಂದಿತು, ಜತೆಗಿದ್ದವರು ಗಾಯಗೊಂಡರು. ಆ ತರುಣರು ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ತಡೆಯಲು ಬಂದ ಪೊಲೀಸರಿಗೂ ಪೆಟ್ಟು ಬಿದ್ದವು. ಆ ಗುಂಪಿನಲ್ಲಿದ್ದವರಲ್ಲಿ ಅನೇಕರು ತಾವು ಮಕ್ಕಳನ್ನು ಕಾಯುತ್ತಿರುವೆವೆಂದೇ ಭಾವಿಸಿರಬೇಕು. ಹಿಂಸೆಗೆ ಹೊರಟವನು ತಾನು ರಕ್ಷಕನೆಂದು ತಿಳಿದಾಗ ಅವನ ಮನಸ್ಸಿನಲ್ಲಿ ಹಿಂದೆಗೆಯುವ ಶಕ್ತಿಯೇ ಉಳಿಯುವುದಿಲ್ಲ. ಕೆಟ್ಟದ್ದೆಂದು ತಿಳಿದು ಮಾಡುವ ಪಾಪಕ್ಕೆ ಅಂಜಿಕೆಯ ಕಡಿವಾಣವಾದರೂ ಇದೆ. ಪುಣ್ಯವೆಂದು ತಿಳಿದು ಮಾಡುವ ಪಾಪಕ್ಕೆ ಅದೂ ಇಲ್ಲ.

ಊರವನ ಪಾಲಿನ ಮೇರೆಯನ್ನು ಕಾನೂನು ಸ್ಪಷ್ಟವಾಗಿಯೇ ಹಾಕಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಜಾಮೀನು ಸಿಗದ ಗಂಭೀರ ಅಪರಾಧವನ್ನು ತನ್ನ ಕಣ್ಣೆದುರಿಗೇ ಮಾಡಿದವನನ್ನು, ಇಲ್ಲವೆ ಘೋಷಿತ ಅಪರಾಧಿಯನ್ನು, ಸಾಮಾನ್ಯ ನಾಗರಿಕನು ಹಿಡಿಯಬಹುದು. ಹಿಡಿದ ಬಳಿಕ ತಡಮಾಡದೆ, 6 ಗಂಟೆಗಳೊಳಗಾಗಿ, ಅವನನ್ನು ಪೊಲೀಸರಿಗೆ ಒಪ್ಪಿಸಬೇಕು. ಕೇಳಿದ ಸುದ್ದಿಯ ಮೇಲೆ ಹಿಡಿಯುವಂತಿಲ್ಲ. ಹಿಡಿದವನನ್ನು ದಂಡಿಸುವಂತೂ ಇಲ್ಲ. ಇದರಲ್ಲಿ ಅಡಗಿರುವ ನೀತಿಯನ್ನು ಹೀಗೆ ಹೇಳಬಹುದು: ಕಾವಲಿಗೆ ಊರವನು ತನ್ನ ಕಣ್ಣನ್ನು ಕೊಡಲಿ, ದನಿಯನ್ನು ಕೊಡಲಿ, ನೆರವನ್ನು ಕೊಡಲಿ, ತೀರ್ಪನ್ನೂ ದಂಡವನ್ನೂ ತನ್ನ ಕೈಗೆ ತೆಗೆದುಕೊಳ್ಳದಿರಲಿ.

ಕಣ್ಣನ್ನು ಕೊಟ್ಟರೆ ಸಾಕು, ತಪ್ಪು ಆಗುವ ಸಂಭವವಿಲ್ಲ ಎಂದು ಕೆಲವರು ಅನ್ನಬಹುದು. ಇತಿಹಾಸವು ಬೇರೆ ಮಾತನ್ನು ಹೇಳುತ್ತದೆ. 1871ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಮಾಡಿ, ಇಡಿಯ ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಿತು. 1911ರ ಕಾಯಿದೆಯಿಂದ ಅದು ದೇಶದ ಇತರ ಭಾಗಗಳಿಗೂ ಹರಡಿತು. ಹೆಸರನ್ನು ದಾಖಲಿಸುವುದು, ಗೊತ್ತಾದ ಹೊತ್ತಿಗೆ ಹಾಜರಿ ಕೊಡುವುದು, ಪರವಾನಗಿ ಇಲ್ಲದೆ ಸ್ಥಳ ಬಿಡದಿರುವುದು ಅವರ ಬಾಳಿನ ಕಟ್ಟಳೆಯಾಯಿತು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ವಿಜಾಪುರಗಳಲ್ಲಿ ಇಂತಹವರನ್ನು ಒಂದೆಡೆ ಕೂಡಿಹಾಕಿದ ವಸಾಹತುಗಳಿದ್ದವು. ಹುಬ್ಬಳ್ಳಿಯ ಒಂದು ಭಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. 1952ರಲ್ಲಿ ಆ ಕಾಯಿದೆ ರದ್ದಾಯಿತು. ಆ ಜನರು ವಿಮುಕ್ತರೆನಿಸಿದರು. ಕಾಗದದ ಮೇಲೆ ವಿಮುಕ್ತರಾದವರು ಊರಿನ ಮನಸ್ಸಿನಲ್ಲಿ ವಿಮುಕ್ತರಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಾಗೃಹಗಳ ನಿಯಮಗಳಲ್ಲಿದ್ದ ಜಾತಿಭೇದವನ್ನು ತೆಗೆದುಹಾಕಿದಾಗ, ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ವಿಧಿಗಳೂ ಅದರಲ್ಲಿ ಸೇರಿದ್ದವು. 1952ರಿಂದ ಲೆಕ್ಕ ಹಿಡಿದರೆ 72 ವರ್ಷಗಳ ತರುವಾಯ ಈ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು.

ಈ ಕಾಯಿದೆಯನ್ನು ಕೇವಲ ಪರಕೀಯರ ದೌಷ್ಟ್ಯವೆಂದು ಹೇಳಿ ಕೈ ತೊಳೆದುಕೊಳ್ಳುವುದು ಪ್ರಾಮಾಣಿಕತೆಯಾಗಲಾರದು. ಅದು 80 ವರ್ಷಗಳ ಕಾಲ ಬಾಳಿತು. ಊರುಗಳ ಸಮ್ಮತಿ ಇಲ್ಲದೆ ಅಷ್ಟು ದೀರ್ಘಕಾಲ ಬಾಳುತ್ತಿರಲಿಲ್ಲ. ಸಭ್ಯರೂ ಶಾಂತಿಪ್ರಿಯರೂ ಆದ ಗೃಹಸ್ಥರು ತಮ್ಮ ಮನೆಮಾರು ಸುರಕ್ಷಿತವಾಗಿದ್ದರೆ ಸಾಕೆಂದು ಸುಮ್ಮನಿದ್ದರು. ಅವರು ಯಾರ ಮೇಲೆಯೂ ಕೈ ಮಾಡಲಿಲ್ಲ, ನೋಡುತ್ತಿದ್ದರು ಅಷ್ಟೆ. ಆದರೆ ಆ ನೋಟದಲ್ಲಿಯೇ ತೀರ್ಪು ಇತ್ತು. ಕೃತ್ಯವನ್ನು ನೋಡುವ ಬದಲು ಕುಲವನ್ನು, ಉಡುಗೆಯನ್ನು, ಮಾತಿನ ಧಾಟಿಯನ್ನು ನೋಡುವ ಕಣ್ಣು ಕಳ್ಳನನ್ನು ಹಿಡಿಯುವುದಿಲ್ಲ. ಅದು ನಿರಪರಾಧಿಯನ್ನು ಕಳ್ಳನನ್ನಾಗಿ ಮಾಡುತ್ತದೆ. ಎಲ್ಲಿ ಹೋದರೂ ಸಂಶಯಕ್ಕೆ ಗುರಿಯಾಗುವ ಬಾಲಕನಿಗೆ ನೆಟ್ಟಗಿನ ದುಡಿಮೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ. ಕಡೆಗೆ ಅವನು ಎಡವಿದನೆಂದರೆ, ಮೊದಲೇ ಹೇಳಲಿಲ್ಲವೇ ಎಂದು ಊರು ತನ್ನ ಬುದ್ಧಿವಂತಿಕೆಯನ್ನು ತಾನೇ ಮೆಚ್ಚಿಕೊಳ್ಳುತ್ತದೆ.

ಇಲ್ಲಿಗೆ ಪ್ರಶ್ನೆಯು ಸಭೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಾವಲಿನ ವಿಚಾರ ಮಾಡುವ ಸಭೆಯಲ್ಲಿ ಕುಳಿತವರು ಯಾರು? ಪಟ್ಟಣದಲ್ಲಿ ಇಂತಹ ಸಭೆಯನ್ನು ಕರೆದಾಗ ಅಂಗಡಿಕಾರರು, ನಿವೃತ್ತ ನೌಕರರು, ಸ್ವಂತ ಮನೆಯುಳ್ಳವರು, ಪುರಸಭೆಯ ಸದಸ್ಯರ ಆಪ್ತರು ಸಹಜವಾಗಿಯೇ ಬರುತ್ತಾರೆ. ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರು, ಖಾನಾವಳಿಯಲ್ಲಿ ತಟ್ಟೆ ತೊಳೆಯುವ ಹುಡುಗರು, ಕಟ್ಟಡದ ಕೆಲಸಕ್ಕೆ ಪರಊರಿನಿಂದ ಬಂದು ಗುಡಿಸಲು ಹಾಕಿಕೊಂಡವರು, ಕತ್ತಲಾದ ಮೇಲೆ ಕೆಲಸದಿಂದ ಮರಳುವ ಹೆಣ್ಣುಮಕ್ಕಳು ಬರುವುದಿಲ್ಲ. ಇದು ಒಂದು ನಾಡಿಗೆ ಸೀಮಿತವಾದ ದೋಷವೂ ಅಲ್ಲ. ಅಮೆರಿಕದ ಚಿಕಾಗೋ ನಗರದಲ್ಲಿ 1993ರಲ್ಲಿ ಐದು ಪೊಲೀಸ್ ವಿಭಾಗಗಳಲ್ಲಿ ಮೊದಲುಮಾಡಿ, ಬೀಟಿಗೊಂದರಂತೆ ಪೊಲೀಸರೂ ಜನರೂ ಕೂಡುವ ಸಭೆಗಳನ್ನು ಏರ್ಪಡಿಸಲಾಯಿತು. ವೆಸ್ಲಿ ಸ್ಕೋಗನ್ ಮುಂತಾದ ವಿದ್ವಾಂಸರು ಅವುಗಳನ್ನು ಹಲವು ವರ್ಷ ಪರಿಶೀಲಿಸಿದಾಗ, ಸ್ವಂತ ಮನೆಯುಳ್ಳವರೂ ವಯಸ್ಸಾದವರೂ ಹೆಚ್ಚಾಗಿ ಬರುತ್ತಿದ್ದುದು, ಲ್ಯಾಟಿನ್ ಅಮೆರಿಕದ ಮೂಲದ ಜನರು ತಮ್ಮ ಸಂಖ್ಯೆಗೆ ತಕ್ಕಂತೆ ಬಾರದಿದ್ದುದು ಕಂಡುಬಂದಿತು. ಸಭೆಗೆ ಬಂದವರ ಅಂಜಿಕೆಯು ಊರಿನ ಅಂಜಿಕೆಯೆಂದು ದಾಖಲಾಗುತ್ತದೆ. ಬಾರದವರ ಅಂಜಿಕೆಗೆ ದಾಖಲೆಯೇ ಇಲ್ಲ. ಎಷ್ಟೋ ಸಲ ಬಾರದವರೇ ಸಭೆಯ ಚರ್ಚೆಗೆ ವಸ್ತುವೂ ಆಗುತ್ತಾರೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ಪರಂಪರೆಯು ನೆನೆಯುವಾಗ, ದೋಣಿ ನಡೆಸುವವನೂ ಕಟ್ಟಿಗೆ ಮಾರುವವನೂ ಚಪ್ಪಲಿ ಹೊಲಿಯುವವನೂ ಮಂತ್ರಿಯೊಡನೆ ಸಮನಾಗಿ ಕುಳಿತು ಮಾತನಾಡಿದ ಸಂಗತಿಯನ್ನೇ ಮುಖ್ಯವಾಗಿ ನೆನೆಯುತ್ತದೆ. ಹೆಂಗಸರ ದನಿಯೂ ಅಲ್ಲಿ ಕೇಳಿಸಿತು. ಆ ನೆನಪನ್ನು ಪೂಜಿಸುವ ಗೃಹಸ್ಥರು ತಮ್ಮ ಪಟ್ಟಣದ ಸಭೆಗೆ ಅದೇ ಅಳತೆಗೋಲನ್ನು ಹಿಡಿದು ನೋಡುವುದು ಧರ್ಮ. ಯಾರ ಬಗ್ಗೆ ಮಾತು ನಡೆಯುತ್ತದೆಯೋ ಅವರಿಗೆ ಅಲ್ಲಿ ಕುಳಿತುಕೊಳ್ಳುವ ಎಡೆ ಇದೆಯೇ? ಅವರಿಗೆ ಅನುಕೂಲವಾದ ಹೊತ್ತಿನಲ್ಲಿ, ಅವರು ಹೆಜ್ಜೆಯಿಡಲು ಅಂಜದ ಸ್ಥಳದಲ್ಲಿ ಸಭೆ ನಡೆಯುತ್ತದೆಯೇ? ಈ ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ, ಅಲ್ಲಿ ಕೂಡಿದ್ದು ಊರಲ್ಲ, ಊರಿನ ಒಂದು ಓಣಿ ಮಾತ್ರ.

ಇದನ್ನೆಲ್ಲ ಕೇಳಿ, ಹಾಗಾದರೆ ದೂರವಿರುವುದೇ ಕ್ಷೇಮವೆಂದು ಯಾರಾದರೂ ತಿಳಿದರೆ ಅದು ಇನ್ನೊಂದು ದೋಷವಾದೀತು. ಸರ ಕಳೆದುಕೊಂಡ ತಾಯಿಯ ದುಃಖ ಸುಳ್ಳಲ್ಲ. ಮಗಳು ಮನೆಗೆ ಮರಳುವವರೆಗೆ ಬಾಗಿಲಿನಲ್ಲಿ ನಿಲ್ಲುವ ತಂದೆಯ ಕಳವಳವೂ ಸುಳ್ಳಲ್ಲ. ಪಕ್ಕದ ಮನೆಯಲ್ಲಿ ಕುಡಿದು ಬಂದವನು ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದರೂ ಅದು ಅವರ ಮನೆಯ ವಿಷಯವೆಂದು ಮಗ್ಗುಲು ಬದಲಿಸುವವನು ನಿರ್ದೋಷಿಯಲ್ಲ. ಸಂಶಯದ ಕಣ್ಣು ಎಷ್ಟು ಕೆಟ್ಟದ್ದೋ ಮುಚ್ಚಿದ ಕಣ್ಣೂ ಅಷ್ಟೇ ಕೆಟ್ಟದ್ದು. ಇವೆರಡರ ನಡುವೆ ಕರುಣೆಯಿಂದ ತೆರೆದ ಕಣ್ಣೊಂದಿದೆ. ಅದನ್ನು ಗುರುತಿಸುವ ಬಗೆ ಸುಲಭವಾದುದು. ಅಪರಿಚಿತನಿಗೆ ಹಾಕಬೇಕೆಂದಿರುವ ಕಟ್ಟಳೆಯನ್ನು ಗೃಹಸ್ಥನು ತನ್ನ ಮಗನಿಗೆ ಅನ್ವಯಿಸಿ ನೋಡಲಿ. ಪರಊರಿನಲ್ಲಿ ಕೆಲಸಕ್ಕೆಂದು ಹೋದ ಆ ಮಗನನ್ನು ಅಲ್ಲಿಯ ಜನರು ಹೀಗೆಯೇ ತಡೆದು, ಹೀಗೆಯೇ ಪ್ರಶ್ನಿಸಿದರೆ ತಾನು ಅದನ್ನು ನ್ಯಾಯವೆಂದು ಒಪ್ಪುವೆನೇ ಎಂದು ಕೇಳಿಕೊಳ್ಳಲಿ. ಒಪ್ಪುವುದಾದರೆ ಆ ಕಟ್ಟಳೆ ಇರಬಹುದು. ಇಲ್ಲವಾದರೆ ಅದನ್ನು ಬಿಡುವುದೇ ಲೇಸು.

ಕಾಯುವವರನ್ನು ಕಾಯುವ ಪ್ರಶ್ನೆಯೊಂದು ಉಳಿಯಿತು. ಪ್ರಕಾಶ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ರಾಜ್ಯದ ಮಟ್ಟದಲ್ಲಿಯೂ ಜಿಲ್ಲೆಯ ಮಟ್ಟದಲ್ಲಿಯೂ ಪ್ರಾಧಿಕಾರಗಳಿರಬೇಕೆಂದು ಆದೇಶಿಸಿತು. ಇಂತಹ ಬಾಗಿಲೊಂದು ಉಂಟೆಂಬುದನ್ನು ಊರಿನ ಬಡವನಿಗೆ ತಿಳಿಸುವುದೂ ನಾಗರಿಕ ಸಮಿತಿಯ ಕೆಲಸವೇ. ಠಾಣೆಗೆ ಸುದ್ದಿಯನ್ನು ಒಯ್ಯುವ ಸಮಿತಿಯು ಠಾಣೆಯಲ್ಲಿ ಆದ ಅನ್ಯಾಯದ ಸುದ್ದಿಯನ್ನು ಹೊರಗೆ ತರಲು ಹಿಂಜರಿದರೆ, ಅದು ಜನರ ಸಮಿತಿಯಾಗಿ ಉಳಿಯದು. ಪೇದೆಗೂ ಇದರಿಂದ ಹಿತವೇ ಇದೆ. ನೆಟ್ಟಗೆ ನಡೆಯುವ ಪೇದೆಯು ಒತ್ತಡಕ್ಕೆ ಸಿಕ್ಕಿದಾಗ ಅವನ ಪರವಾಗಿ ಸಾಕ್ಷಿ ನುಡಿಯಲು ಊರು ಎದ್ದುನಿಲ್ಲಬೇಕು. ಹಬ್ಬದ ದಿನವೂ ಬಂದೋಬಸ್ತಿನಲ್ಲಿ ನಿಂತು, ಮನೆಯ ಮಕ್ಕಳ ಮುಖವನ್ನು ಬೆಳಕಿನಲ್ಲಿ ಕಾಣದವನಿಗೆ ಊರು ಇಷ್ಟಾದರೂ ಋಣಿಯಾಗಿದೆ.

ಪಟ್ಟಣದ ಸಭೆಯಿಂದ ದೊಡ್ಡ ಕಾರ್ಯಗಳನ್ನೇ ನಿರೀಕ್ಷಿಸಬೇಕಾಗಿಲ್ಲ. ಠಾಣೆಯ ಅಧಿಕಾರಿಯನ್ನು ಗೊತ್ತಾದ ದಿನಗಳಲ್ಲಿ ಪುರಸಭೆಯ ಸದಸ್ಯರ ಎದುರಿಗೆ ಕೂಡಿಸಿ, ಯಾವ ಸಂದಿಗಳಲ್ಲಿ ಕತ್ತಲಿದೆ, ಯಾವ ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಗೆ ನಿಲ್ಲಲು ಅಂಜಿಕೆಯಿದೆ ಎಂದು ಕೇಳಿ, ಹಿಂದಿನ ಸಲ ಒಪ್ಪಿಕೊಂಡ ಕೆಲಸ ಆಗಿದೆಯೇ ಎಂದು ವಿಚಾರಿಸಿದರೆ ಅಷ್ಟೇ ದೊಡ್ಡ ಸುಧಾರಣೆ. ದೀಪವನ್ನು ಹಚ್ಚುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಅದು ಕಳ್ಳನ ಕುಲವನ್ನು ಕೇಳದೆಯೇ ಕಳವನ್ನು ತಡೆಯುತ್ತದೆ. ಒಂದು ಹೆಸರನ್ನು ಸಂಶಯದ ಪಟ್ಟಿಗೆ ಸೇರಿಸುವ ಮುನ್ನ ಹತ್ತು ದೀಪಗಳನ್ನು ಹಚ್ಚುವ ಊರು ಸರಿದಾರಿಯಲ್ಲಿದೆ ಎಂದು ತಿಳಿಯಬಹುದು. ಕಾವಲು ಎಂಬುದು ಪ್ರೀತಿಯ ಒಂದು ರೂಪ. ಪ್ರೀತಿಗೆ ಒಳಗಾಗದ ಒಬ್ಬನನ್ನಾದರೂ ಹೊರಗಿಟ್ಟು ನಡೆಯುವ ಕಾವಲು ಇನ್ನೂ ಪೂರ್ಣವಾಗಿಲ್ಲವೆಂಬುದನ್ನು ಗೃಹಸ್ಥರು ಮನಗಾಣುವುದು ಅವಶ್ಯವಾಗಿದೆ.